ಸಾವನದುರ್ಗ ಸಿಡಿದೀತೆ?

ಮಾಗಡಿ ಕಡೆ ಶಾಲಾ ಪ್ರವಾಸ ಹೋಗಿ ಬಂದ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ‘ಸಾವನದುರ್ಗ ಆರಿಹೋದ ಜ್ವಾಲಾಮುಖಿಯಂತೆ, ಹೌದೆ? ಮತ್ತೆ ಸಿಡಿದರೆ ಏನು ಮಾಡುವುದು?’ ನಕ್ಕು ಸುಮ್ಮನಾಗುವ ಪ್ರಶ್ನೆಯಲ್ಲ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಗುಮ್ಮಟದಂತೆ ಎದ್ದ ಬೆಟ್ಟ, ಅದರ ಮೈಮೇಲೆ ಇಳಿದ ಕಪ್ಪು ಪಟ್ಟೆಗಳು. ಲಾವಾರಸ ಹರಿದ ಗುರುತೆಂದು ಯಾರಿಗಾದರೂ ಅನಿಸೀತು. ಅವು ಮಳೆನೀರು ಇಳಿಯುವ ಜಾಡುಗಳು. ಅಲ್ಲಿ ಬೆಳೆದು ಒಣಗಿದ ಪಾಚಿಯೇ ಆ ಕಪ್ಪು.

ಆದರೂ ಮಕ್ಕಳ ಊಹೆಯಲ್ಲಿ ಅರ್ಧ ಸತ್ಯವಿದೆ. ಈ ಬಂಡೆಯೂ ಒಂದು ಕಾಲಕ್ಕೆ ಕುದಿಯುವ ಶಿಲಾಪಾಕವೇ. ಸುಮಾರು 250 ಕೋಟಿ ವರ್ಷಗಳ ಹಿಂದೆ ಅದು ಮೇಲೇರುತ್ತ ಬಂದು, ಹೊರಬೀಳದೆ ನೆಲದಾಳದಲ್ಲೇ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿದ್ದ ನೆಲ ಗಾಳಿ ಮಳೆಗೆ ಸವೆದು ಹೋದ ಮೇಲೆ ಬಂಡೆ ಬಯಲಾಯಿತು. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಗುರುತು ಹಿಡಿಯುವುದು ಸುಲಭ. ನಿಧಾನವಾಗಿ ತಣಿದ ಕಲ್ಲಿನಲ್ಲಿ ಹರಳುಗಳು ದೊಡ್ಡವಾಗಿ ಬೆಳೆಯುತ್ತವೆ, ಬರಿಗಣ್ಣಿಗೇ ಕಾಣುತ್ತವೆ. ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲನ್ನು ನೋಡಿ: ಹರಳು ಕಾಣದಷ್ಟು ನುಣುಪು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಹರಿದು ಬೇಗ ತಣಿದ ನಿಜವಾದ ಲಾವಾ.

ಹಾಗಾಗಿ ಸಾವನದುರ್ಗ ಸಿಡಿಯುವುದಿಲ್ಲ. ಅಲ್ಲಿ ಹೆದರಬೇಕಾದದ್ದು ಮಳೆಯಲ್ಲಿ ತೊಯ್ದ ಬಂಡೆಗೆ ಮತ್ತು ಸಿಡಿಲಿಗೆ. ಮೋಡ ಕವಿದರೆ ಹತ್ತಬೇಡಿ, ಅರ್ಧ ಹತ್ತಿದ್ದರೂ ಇಳಿದುಬಿಡಿ.

ನಮ್ಮ ದೇಶದ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಬಹುಕಾಲ ಮಲಗಿದ್ದು 1991ರಲ್ಲಿ ಎಚ್ಚೆತ್ತಿತು, ಆಮೇಲೂ ಹಲವು ಸಲ ಉಗುಳಿದೆ. ಅಲ್ಲಿ ಜನವಸತಿ ಇಲ್ಲವೆಂಬುದೇ ಸಮಾಧಾನ. ಆದರೆ ಈಗ ನಮ್ಮ ಮಕ್ಕಳು ಓದಿಗೆ, ಕೆಲಸಕ್ಕೆ ಜಪಾನ್, ಇಂಡೋನೇಷ್ಯಾ, ಇಟಲಿಗೂ ಹೋಗುತ್ತಾರೆ. ಆದ್ದರಿಂದ ಪ್ರಶ್ನೆಯ ಎರಡನೆಯ ಭಾಗಕ್ಕೂ ಉತ್ತರ ಬೇಕು.

ಲಾವಾರಸದ ಚಿತ್ರ ನೋಡಿ ನಾವು ಹೆದರುತ್ತೇವೆ. ಅದು ಸಾಮಾನ್ಯವಾಗಿ ನಿಧಾನವಾಗಿ ಹರಿಯುತ್ತದೆ, ಎಷ್ಟೋ ಸಲ ನಡೆದೇ ಪಾರಾಗಬಹುದು. ಕೊಲ್ಲುವುದು ಬೇರೆ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಶಿಖರದ ಹಿಮ ಕರಗಿ, ಕೆಸರಿನ ಪ್ರವಾಹವಾಗಿ ನದಿ ಕಣಿವೆಗಳಲ್ಲಿ ನುಗ್ಗಿತು. ಹತ್ತಾರು ಕಿಲೋಮೀಟರ್ ದೂರದ ಅರ್ಮೆರೊ ಪಟ್ಟಣ ಮುಟ್ಟಲು ಅದಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ದಿಣ್ಣೆ ಹತ್ತಲು ಅಷ್ಟು ಸಮಯ ಸಾಕಿತ್ತು. ಜನರನ್ನು ಯಾರೂ ಹೊರಡಿಸಲಿಲ್ಲ. 20 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಇದಕ್ಕಿಂತ ಎಷ್ಟೋ ದೊಡ್ಡದಾಗಿ ಸಿಡಿಯಿತು, ಆದರೆ ಮೊದಲೇ ಊರು ಬಿಡಿಸಿದ್ದರಿಂದ ಸಾವಿರಾರು ಜೀವ ಉಳಿಯಿತು. ಅಲ್ಲಿ ಸತ್ತವರಲ್ಲಿ ಅನೇಕರು ಮಳೆಗೆ ನೆನೆದ ಬೂದಿಯ ಭಾರಕ್ಕೆ ಚಾವಣಿ ಕುಸಿದು ಸತ್ತವರು.

ಇಷ್ಟು ತಿಳಿದರೆ ಮಾಡಬೇಕಾದದ್ದು ತಾನಾಗಿ ಹೊಳೆಯುತ್ತದೆ. ಊರು ಬಿಡಿ ಎಂದಾಗ ಸಾಮಾನು ಕಟ್ಟುತ್ತ ಕೂರದೆ ಬಿಡಿ. ಕಣಿವೆ, ಹೊಳೆ, ಸೇತುವೆಗಳಿಂದ ದೂರವಾಗಿ ಎತ್ತರಕ್ಕೆ ಹೋಗಿ. ಬೂದಿ ಮಾತ್ರ ಬೀಳುತ್ತಿದ್ದರೆ, ಚಾವಣಿ ಗಟ್ಟಿಯಿದ್ದರೆ, ಕಿಟಕಿ ಬಾಗಿಲು ಮುಚ್ಚಿ ಒಳಗಿರಿ. ನೀರಿನ ತೊಟ್ಟಿ ಮುಚ್ಚಿಡಿ. ಈ ಬೂದಿ ನಮ್ಮ ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು ಮತ್ತು ಗಾಜು. ಹೊರಗೆ ಹೋಗಲೇಬೇಕಾದರೆ ಎನ್-95 ಮುಖಗವಸು ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿ, ಕಣ್ಣು ಉಜ್ಜಬೇಡಿ. ಗುಡಿಸುವ ಮುನ್ನ ಸ್ವಲ್ಪವೇ ನೀರು ಚಿಮುಕಿಸಿ. ಚಾವಣಿಯ ಮೇಲಿನ ಬೂದಿಗೆ ಮಾತ್ರ ನೀರು ಸುರಿಯಬೇಡಿ.