ಬಿಟ್ಟುಹೋದ ವರ್ಷಗಳ ಲೆಕ್ಕ ಹೇಳಲು ನಾಚಿಕೆ ಏಕೆ?

‘ಈ ಮೂರು ವರ್ಷ ಏನ್ ಮಾಡ್ತಿದ್ರಿ?’ ಇಂಟರ್‌ವ್ಯೂನಲ್ಲಿ ಈ ಒಂದು ಪ್ರಶ್ನೆ ಬಂದರೆ ಸಾಕು, ನಮ್ಮ ಎಷ್ಟೋ ಹುಡುಗರ ಬಾಯಿ ಕಟ್ಟಿಹೋಗುತ್ತದೆ. ಕೆಲವರು ಇದಕ್ಕೆ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ಇನ್ನು ಕೆಲವರು ಬಯೋಡೇಟಾದಲ್ಲಿ ತಾರೀಖು ತಿದ್ದಿ, ಕೆಲಸ ಮಾಡದ ಕಂಪನಿಯ ಹೆಸರು ಸೇರಿಸಿ ಕಳಿಸುತ್ತಾರೆ. ಎರಡರಿಂದಲೂ ನಷ್ಟ ನಮಗೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಮನೆಗಳಲ್ಲಿ ಈ ವಿಷಯವನ್ನು ಮುಚ್ಚುಮರೆ ಇಲ್ಲದೆ ಮಾತಾಡಬೇಕು.

ಬ್ಯಾರಿ ಕುಟುಂಬಗಳಲ್ಲಿ ಈ ಗ್ಯಾಪ್ ಸೋಮಾರಿತನದಿಂದ ಬಂದದ್ದು ಕಡಿಮೆ. ಸೌದಿಯಲ್ಲಿ 2011ರಲ್ಲಿ ನಿತಾಕತ್ ಬಂತು. 2017ರ ಜುಲೈಯಿಂದ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಗಿ, ವರ್ಷ ವರ್ಷವೂ ಏರುತ್ತಾ ಹೋಯಿತು. ಆಮೇಲೆ ಕೊರೋನಾ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ಮಿಷನ್‌ನ ಮೊದಲ ವಿಮಾನ ಬಂದಿಳಿದದ್ದು ನಮಗೆಲ್ಲ ನೆನಪಿದೆ. ಹಾಗೆ ಮರಳಿದವರು ಊರಲ್ಲಿ ಸುಮ್ಮನೆ ಕೂತರೇ? ಅಣ್ಣನ ಅಂಗಡಿ ನೋಡಿಕೊಂಡರು, ಮಾವನ ಅಡಿಕೆ ವ್ಯಾಪಾರಕ್ಕೆ ಸೇರಿದರು, ಮೀನಿನ ಗಾಡಿ ಓಡಿಸಿದರು. ದುಡಿದದ್ದು ನಿಜ. ಆದರೆ ಅದಕ್ಕೆ ಒಂದು ಚೀಟಿಯೂ ಇಲ್ಲ. ಕಾಗದ ಇಲ್ಲದ ದುಡಿಮೆಯೇ ಬಯೋಡೇಟಾದಲ್ಲಿ ‘ಗ್ಯಾಪ್’ ಆಗಿ ಕಾಣುತ್ತಿದೆ.

ಹಾಗಾದರೆ ಹೇಳುವುದು ಹೇಗೆ? ಎರಡು ಮೂರು ವಾಕ್ಯ ಸಾಕು. ಯಾಕೆ ಬಿಡಬೇಕಾಯಿತು, ಆ ಸಮಯದಲ್ಲಿ ಏನು ಮಾಡಿದಿರಿ, ಈಗ ಯಾವ ಕೆಲಸಕ್ಕೆ ತಯಾರಿದ್ದೀರಿ, ಇಷ್ಟೇ. ಉದಾಹರಣೆಗೆ: ‘2020ರಲ್ಲಿ ದುಬೈ ಕಂಪನಿ ಜನ ಕಡಿಮೆ ಮಾಡ್ತು, ಊರಿಗೆ ಬಂದೆ. 2021ರಿಂದ 2023ರವರೆಗೆ ಅಣ್ಣನ ಹಾರ್ಡ್‌ವೇರ್ ಅಂಗಡೀಲಿ ಸ್ಟಾಕ್, ಜಿಎಸ್‌ಟಿ ಬಿಲ್ಲು, ಬಾಕಿ ವಸೂಲಿ ನೋಡ್ಕೊಂಡೆ. ಈಗ ಸ್ಟೋರ್ ಕೆಲಸ ಹುಡುಕ್ತಿದ್ದೀನಿ.’ ಇದರಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ? ಹಳೆಯ ಮಾಲೀಕರನ್ನು ಬೈಯುತ್ತಾ ಕೂರಬೇಡಿ. ಉಪ್ಪನಿಗೋ ಉಮ್ಮನಿಗೋ ಹುಷಾರಿಲ್ಲದೆ ಮನೆಯಲ್ಲಿ ನಿಂತಿದ್ದರೆ ಕಾಯಿಲೆಯ ಕಥೆ ಪೂರ್ತಿ ಹೇಳಬೇಕಿಲ್ಲ. ‘ಮನೆಯಲ್ಲಿ ನೋಡ್ಕೊಳ್ಳೋರು ಬೇಕಿತ್ತು, ಈಗ ಕೆಲಸಕ್ಕೆ ಬರೋದಕ್ಕೆ ತೊಂದರೆ ಇಲ್ಲ’ ಅಂದರೆ ಮುಗಿಯಿತು.

ತಾರೀಖು ಮಾತ್ರ ತಿದ್ದಬೇಡಿ. ಪಿಎಫ್ ಇದ್ದ ಕೆಲಸವಾದರೆ ಸೇರಿದ ದಿನ, ಬಿಟ್ಟ ದಿನ ಎರಡೂ ನಿಮ್ಮ ಯುಎಎನ್ ನಂಬರಿನಲ್ಲಿ ದಾಖಲಾಗಿರುತ್ತವೆ. ಗ್ಯಾಪ್ ಇದ್ದವರಿಗೆ ಕೆಲಸ ಕೊಡುವವರು ಸಿಗುತ್ತಾರೆ, ಸುಳ್ಳು ಸಿಕ್ಕಿಬಿದ್ದವರಿಗೆ ಸಿಗುವುದು ಕಷ್ಟ. ಗಲ್ಫ್‌ನಲ್ಲಿ ಇರುವವರಿಗೂ ಒಂದು ಮಾತು: ಕೆಲಸ ಬಿಡುವಾಗ ಕೇಳಿದವರಿಗೆ ಶುಲ್ಕವಿಲ್ಲದೆ ಸರ್ವಿಸ್ ಸರ್ಟಿಫಿಕೇಟ್ ಕೊಡಬೇಕೆಂದು ಸೌದಿ ಮತ್ತು ಯುಎಇ ಕಾರ್ಮಿಕ ಕಾನೂನುಗಳಲ್ಲೇ ಇದೆ. ವಿಮಾನ ಹತ್ತುವ ಮೊದಲು ಅದನ್ನು ಕೇಳಿ ಪಡೆಯಿರಿ.

ನಮ್ಮ ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಮುಖ್ಯ. ಬಿ.ಎಡ್. ಮುಗಿಸಿ ಒಂದೆರಡು ವರ್ಷ ಪಾಠ ಮಾಡಿ, ಮದುವೆ, ಮಕ್ಕಳು ಅಂತ ನಿಲ್ಲಿಸಿದವರು ಎಷ್ಟು ಮನೆಗಳಲ್ಲಿಲ್ಲ? ‘ಇಷ್ಟು ವರ್ಷ ಆಯ್ತಲ್ಲ, ಇನ್ನು ಯಾರು ತಗೋತಾರೆ’ ಎಂದು ಅವರೇ ಅಂದುಕೊಂಡುಬಿಟ್ಟಿದ್ದಾರೆ. ಹಿಂದೆ ಟಿಇಟಿ ಸರ್ಟಿಫಿಕೇಟ್ ಏಳು ವರ್ಷಕ್ಕೆ ಮುಗಿಯುತ್ತಿತ್ತು. 2021ರಲ್ಲಿ ಅದನ್ನು ಜೀವನಪೂರ್ತಿ ಮಾನ್ಯ ಎಂದು ಬದಲಿಸಲಾಯಿತು, 2011ರಿಂದ ಪಾಸಾದವರಿಗೂ ಇದು ಅನ್ವಯ. ಕಪಾಟಿನಲ್ಲಿರುವ ಆ ಕಾಗದ ಇವತ್ತೂ ನಡೆಯುತ್ತದೆ. ಸರ್ಕಾರಿ ನೇಮಕಾತಿಯಲ್ಲಿ ಗ್ಯಾಪಿಗಿಂತ ವಯೋಮಿತಿ ಮುಖ್ಯ, ಆದ್ದರಿಂದ ಅಧಿಸೂಚನೆ ಓದದೆ ಕೈಬಿಡಬೇಡಿ. ಮಕ್ಕಳನ್ನು ಸಾಕಿದ ವರ್ಷಗಳನ್ನು ‘ಕುಟುಂಬದ ಜವಾಬ್ದಾರಿ’ ಎಂದು ಒಂದು ಸಾಲಿನಲ್ಲಿ ಬರೆಯಿರಿ. ಮನೆಯಲ್ಲಿ ಟ್ಯೂಷನ್ ಹೇಳಿದ್ದರೆ ಅದನ್ನೂ ಬರೆಯಿರಿ, ಅದೂ ಪಾಠವೇ.

ಇನ್ನು ನಮ್ಮ ವ್ಯಾಪಾರಸ್ಥರಿಗೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಕೆಲಸಕ್ಕೆ ಸೇರಿಸಿಕೊಂಡ 30 ದಿನದೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು. ನಮ್ಮಲ್ಲಿ ಎಷ್ಟು ಅಂಗಡಿಗಳಲ್ಲಿ ಕೊಡುತ್ತೇವೆ? ‘ನಮ್ಮ ಹುಡುಗನೇ ಅಲ್ವಾ, ಕಾಗದ ಯಾಕೆ’ ಎಂಬ ಪ್ರೀತಿಯೇ ಮುಂದೆ ಅವನ ದಾರಿಗೆ ಅಡ್ಡ ಬರುತ್ತದೆ. ಐದು ವರ್ಷ ನಿಮ್ಮ ಗಲ್ಲಾ ಕಾಯ್ದವನು ಹಾಸನದ ಒಂದು ಕಂಪನಿಗೆ ಹೋದಾಗ ಏನೂ ಮಾಡದವನಂತೆ ನಿಲ್ಲಬೇಕಾಗುತ್ತದೆ. ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು, ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಸಹಿ, ಸೀಲು. ಇದಕ್ಕೆ ಖರ್ಚಿಲ್ಲ. ಹಾಗೆಯೇ ನಿಮ್ಮ ಬಳಿ ಕೆಲಸ ಕೇಳಿ ಬಂದವರ ಗ್ಯಾಪ್ ನೋಡಿ ಮುಖ ತಿರುಗಿಸುವ ಮೊದಲು, ‘ಆಗ ಏನ್ ಮಾಡ್ತಿದ್ದೆ ಮಗಾ?’ ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ.

ಈ ವಾರ ಮನೆಯಲ್ಲಿ ಕೆಲಸ ಹುಡುಕುತ್ತಿರುವವರ ಜೊತೆ ಕೂತು ಒಂದು ಹಾಳೆಯಲ್ಲಿ ವರ್ಷವಾರು ಬರೆಸಿ. ಖಾಲಿ ಅಂದುಕೊಂಡ ಜಾಗದಲ್ಲಿ ಎಷ್ಟು ದುಡಿಮೆ ಇತ್ತು ಎಂಬುದು ಅವರಿಗೇ ಗೊತ್ತಾಗುತ್ತದೆ.