ವಜ್ರದ ಬೆಳಕು ಕಲಿಸುವ ಪಾಠ

ನೇರಳಾತೀತ ಕಿರಣಗಳು ತಾಗಿದಾಗ ಹಲವು ವಜ್ರಗಳು ಕತ್ತಲಲ್ಲಿ ನೀಲಿಯಾಗಿ ಬೆಳಗುತ್ತವೆ. ಈ ಬೆಳಕು ಹುಟ್ಟುವುದೆಲ್ಲಿ? ಮಲ್ಲೇಶ್ವರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರು 1940ರ ದಶಕದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಇದಕ್ಕೆ ಕಾರಣ ಕಲ್ಮಷವಲ್ಲ, ವಜ್ರದ ರಚನೆಯೇ ಎಂಬುದು ಅವರ ವಾದವಾಗಿತ್ತು. ಆದರೆ ವಜ್ರಗಳಲ್ಲಿ ಸಾರಜನಕ ಬೆರೆತಿರುವುದು 1959ರಲ್ಲಿ ಸಿದ್ಧವಾಯಿತು. ಪರಮಾಣುವಿಲ್ಲದ ಒಂದು ನೆಲೆಯ ಸುತ್ತ ಮೂರು ಸಾರಜನಕ ಪರಮಾಣುಗಳು ಕೂಡಿದ ಕೇಂದ್ರವೇ ಆ ನೀಲಿಯ ಮೂಲವೆಂದು ಮುಂದೆ ತಿಳಿದುಬಂದಿತು.

ನಮ್ಮ ಮನೆಗಳ ಬಿಳಿ ಎಲ್‌ಇಡಿ ದೀಪದ ಸಂಗತಿಯೂ ಇಂತಹುದೇ. ಅದರೊಳಗಿನ ಅರೆವಾಹಕವು ಕೊಡುವುದು ನೀಲಿ ಬೆಳಕನ್ನು ಮಾತ್ರ. ಮೇಲಿನ ಲೇಪದಲ್ಲಿರುವ ಗಾರ್ನೆಟ್ ಹರಳು ಪರಿಶುದ್ಧವಾಗಿದ್ದರೆ ಆ ನೀಲಿಗೆ ಬೆಳಗದು. ಅಲ್ಲಲ್ಲಿ ಬೆರೆತ ಸೀರಿಯಮ್ಮಿನ ಎಲೆಕ್ಟ್ರಾನು ನೀಲಿಯನ್ನು ಹೀರಿ ಮೇಲಿನ ಮಟ್ಟಕ್ಕೇರುತ್ತದೆ. ಶಕ್ತಿಯ ಒಂದಂಶವನ್ನು ಹರಳಿನ ಕಂಪನಕ್ಕೆ ತೆತ್ತು, ಉಳಿದುದನ್ನು ಹಳದಿ ಬೆಳಕಾಗಿ ಸೂಸಿ ಕೆಳಗಿಳಿಯುತ್ತದೆ. ಮಿಕ್ಕ ನೀಲಿಯೊಡನೆ ಈ ಹಳದಿ ಸೇರಿ ನಮ್ಮ ಕಣ್ಣಿಗೆ ಬಿಳುಪಾಗುತ್ತದೆ.

“ಲೇಪದಿಂದ ಬೆಳಕು ಬರುತ್ತದೆ” ಎಂದಷ್ಟೇ ಬರೆದ ವಿದ್ಯಾರ್ಥಿಗೆ ಅಧ್ಯಾಪಕರಾದ ನಾವು ಪೂರ್ಣ ಅಂಕ ಕೊಡುವುದುಂಟು. ಇದು ಸಲ್ಲದು. ರಾಮನ್ನರ ಉತ್ತರ ನಿಲ್ಲಲಿಲ್ಲವಾದರೂ ಅವರು ಮೂಲವನ್ನೇ ಕೇಳಿದರು. ಹಾಗೆ ಕೇಳುವ ಅಭ್ಯಾಸವನ್ನು ನಮ್ಮ ತರಗತಿಗಳು ಬೆಳೆಸತಕ್ಕದ್ದು.