ಆಯದ ಜೊತೆಗೆ ಬೆಳೆಯನ್ನೂ ಅಳೆಯಿರಿ



ಮನೆ ಕಟ್ಟುವ ಮುಂಚೆ ನೀವು ಆಯ ನೋಡಿಸುತ್ತೀರಿ. ಉದ್ದಗಲ ಗುಣಿಸಿ, ಎಂಟು ಆಯಗಳಲ್ಲಿ ಧ್ವಜ, ಸಿಂಹ, ವೃಷಭ, ಗಜ ಇವುಗಳಲ್ಲೊಂದು ಬಂದ ಮೇಲೆಯೇ ಗುದ್ದಲಿ ಪೂಜೆ. ನಂಬಿಕೆ ಅವರವರದು, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹೊರಗೋಡೆಯ ಅಳತೆಗೆ ಇಷ್ಟು ಎಚ್ಚರ ವಹಿಸುವ ನಾವು, ಒಳಗಿನ ಒಂದೊಂದು ಕೋಣೆ ಎಷ್ಟಿರಬೇಕೆಂಬುದನ್ನು ಪಟ್ಟಣದ ಮನೆಯ ನಕ್ಷೆಗೆ ಬಿಟ್ಟುಬಿಡುತ್ತೇವೆ. ಇದು ಸರಿಯಲ್ಲ ಎಂಬುದೇ ನನ್ನ ವಾದ.

ಬೇಸಾಯಶಾಸ್ತ್ರದವನಿಗೆ ಕೋಣೆಯ ಗೊಡವೆ ಏಕೆಂದು ನೀವು ಕೇಳಬಹುದು. ಹೊಲದಲ್ಲಿ ಚೆನ್ನಾಗಿ ಬೆಳೆದದ್ದು ಮನೆಯೊಳಗೆ ಬಂದು ಕೆಟ್ಟರೆ, ನಮ್ಮ ಶಿಫಾರಸುಗಳೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತೆ.

ಹುಣಸೂರಿನ ಬಳಿ ನಾನು ಕಂಡ ಒಂದು ಹೊಸ ಮನೆಯ ಸಂಗತಿ ಹೇಳುತ್ತೇನೆ. ಹದಿನೆಂಟಡಿಗೆ ಹದಿನೆಂಟಡಿ ಹಾಲು. ಅದರಲ್ಲಿ ಬಟ್ಟೆ ಹೊದಿಸಿದ ಸೋಫಾ. ಮಲಗುವ ಕೋಣೆಯಲ್ಲಿ ಮಂಚದ ಪಕ್ಕದಲ್ಲೇ ಹದಗೊಂಡ ಹೊಗೆಸೊಪ್ಪಿನ ರಾಶಿ. ಅದೇ ಮಂಚದ ಮೇಲೆ ಇಬ್ಬರು ಮಕ್ಕಳ ನಿದ್ದೆ. ರಾಗಿ ಮೂಟೆಗಳು ಬಚ್ಚಲ ಗೋಡೆಗೆ ಒರಗಿದ್ದವು. ಅಜ್ಜಿ ಜಗುಲಿಯಲ್ಲಿ ಮಲಗುತ್ತಿದ್ದರು. ಯಜಮಾನರು, "ಜಾಗ ಸಾಲದು ಸಾರ್" ಎಂದರು. ಜಾಗವಿತ್ತು, ಹಂಚಿಕೆ ತಪ್ಪಿತ್ತು.

ಹಿಂದಿನ ತೊಟ್ಟಿ ಮನೆಗಳನ್ನು ನೆನೆಯಿರಿ. ಅವನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಕೊಟ್ಟಿಗೆ, ಅಟ್ಟ, ಕಣಜ, ಊರ ಕಣದ ಬಳಿ ರಾಗಿಯ ಹಗೇವು - ದುಡಿಮೆಗೆ ಮೊದಲು ಜಾಗ, ಬಳಿಕ ಉಳಿದದ್ದು. ಆ ಮನೆಗಳಲ್ಲಿ ಗಾಳಿ ಬೆಳಕು ಕಡಿಮೆಯಿತ್ತು, ದನದೊಡನೆ ಒಂದೇ ಸೂರಿನಡಿ ಬಾಳಬೇಕಿತ್ತು, ನಿಜ. ಅದಕ್ಕೆ ಹಿಂದಿರುಗಿ ಎನ್ನುವುದಿಲ್ಲ. ಅವರ ಲೆಕ್ಕದ ಕ್ರಮವನ್ನಷ್ಟೇ ಉಳಿಸಿಕೊಳ್ಳಿ ಎನ್ನುತ್ತೇನೆ: ಏನೇನು ಇಡಬೇಕು, ಎಷ್ಟು ಜನ ಮಲಗಬೇಕು ಎಂಬುದು ಮೊದಲು, ಗೋಡೆ ಆಮೇಲೆ.

ರಾಗಿಯಿಂದ ಆರಂಭಿಸೋಣ. ಒಂದು ಕ್ವಿಂಟಲ್ ರಾಗಿಗೆ ಸುಮಾರು 4.7 ಘನ ಅಡಿ ಜಾಗ ಬೇಕು. ಒಬ್ಬರಿಗೆ ದಿನಕ್ಕೆ 300 ಗ್ರಾಂ ಎಂದರೆ ಆರು ಜನರ ಸಂಸಾರಕ್ಕೆ ವರ್ಷಕ್ಕೆ ಆರೂವರೆ ಕ್ವಿಂಟಲ್. ಬೀಜಕ್ಕೆ, ನೆಂಟರಿಗೆ, ಬೆಲೆ ಬರುವವರೆಗೆ ಕಾಯುವುದಕ್ಕೆ ಸೇರಿಸಿ 15 ಮೂಟೆ ಎನ್ನಿ. ಐದೈದು ಮೂಟೆಯ ಮೂರು ಅಟ್ಟಿಗೆ ಸುಮಾರು 18 ಚದರ ಅಡಿ ನೆಲ. ಗೋಡೆಯಿಂದ ಎರಡಡಿ ಬಿಟ್ಟು, ಕೆಳಗೆ ಹಲಗೆ ಹಾಕಿ, ಓಡಾಡಲು ದಾರಿ ಬಿಟ್ಟರೆ ಎಂಟಡಿಗೆ ಎಂಟಡಿ ಕೋಣೆ ಸಾಕು. ಕೃಷ್ಣರಾಜನಗರದ ನಾಲೆ ಬಯಲಿನವರು ಮಾತ್ರ ಈ ಅಳತೆಗೆ ಮೋಸ ಹೋಗಬಾರದು. ಒಂದು ಕ್ವಿಂಟಲ್ ಭತ್ತ ಆರು ಘನ ಅಡಿಗೂ ಮಿಗಿಲಾಗಿ ಜಾಗ ಕೇಳುತ್ತದೆ. ರಾಗಿಗಿಂತ ಮೂರನೇ ಒಂದು ಭಾಗ ಹೆಚ್ಚು. ಮೇಲಾಗಿ ಮೂಟೆಗಳ ಸಂಖ್ಯೆಯೂ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. ಜನ ಮಲಗುವ ಮನೆಯೊಳಗಿನ ಧಾನ್ಯಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡಲೇ ಕೂಡದು. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಪ್ರಾಣ ತೆಗೆಯುತ್ತದೆ. ಉಗ್ರಾಣ ಬೇರೆಯಿರಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹೊಗೆಸೊಪ್ಪಿನ ಬೆಳೆಗಾರರು ಬ್ಯಾರನ್ನಿಗೆ ಹಣ ಹಾಕುತ್ತಾರೆ. ಬೇಯಿಸಿದ ಸೊಪ್ಪು ಎಲ್ಲಿರಬೇಕೆಂದು ಯೋಚಿಸುವವರು ವಿರಳ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ನಮ್ಮ ರಾಜ್ಯದಲ್ಲಿ ಆರಂಭವಾದಂದಿನಿಂದ ಸರದಿಗಾಗಿ ಸೊಪ್ಪು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಮ್ಮಲ್ಲೇ ಉಳಿಯುತ್ತದೆ. ಅದು ತೇವವನ್ನೂ ಅಡಿಗೆಯ ವಾಸನೆಯನ್ನೂ ಹೀರುತ್ತದೆ. ಬೂಷ್ಟು ಬಂದರೆ ದರ್ಜೆ ಇಳಿಯುತ್ತದೆ. ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುವಂಥದ್ದು. ಹಸಿ, ಒದ್ದೆ ಎಲೆ ಮುಟ್ಟಿದವರಿಗೆ ತಲೆಸುತ್ತು, ವಾಂತಿ ಬರುವುದು ನಿಮಗೇ ಗೊತ್ತು. ಹದವಾದ ಸೊಪ್ಪಿನ ಧೂಳೂ ಮಕ್ಕಳಿಗೆ, ಬಸುರಿಯರಿಗೆ ಸಲ್ಲದು. ಆದುದರಿಂದ ರಾಶಿ ಹಾಕಲು, ದರ್ಜೆ ವಿಂಗಡಿಸಲು ಬೇರೆ ಬಾಗಿಲಿನ ಕೋಣೆ ಬೇಕು. ಅದರ ಅಳತೆಗೆ ರಾಶಿಯ ಉದ್ದಗಲದ ಸುತ್ತ ಎರಡೆರಡಡಿ, ಕೂತು ವಿಂಗಡಿಸುವ ಹೆಂಗಸರಿಗೆ ಜಾಗ ಸೇರಿಸಿ. ಉತ್ತರಕ್ಕೆ ದೊಡ್ಡ ಕಿಟಕಿಯಿರಲಿ. ಬಣ್ಣ ಸರಿಯಾಗಿ ಕಾಣುತ್ತದೆ.

ಹಾಗೆಂದು ಕೋಣೆ ಒಂದೇ ಬೆಳೆಗೆ ಕಟ್ಟುಬೀಳಬಾರದು. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಸ್ಥಿರೀಕರಿಸಿದೆ. ಮನೆ ಐವತ್ತು ವರ್ಷ ನಿಲ್ಲುತ್ತದೆ. ಹೊಗೆಸೊಪ್ಪು ಅಷ್ಟು ಕಾಲ ನಿಲ್ಲುತ್ತದೆಂದು ಯಾರೂ ಬರೆದುಕೊಡಲಾರರು. ನಾಳೆ ಮುಸುಕಿನ ಜೋಳ, ಅವರೆ ಇಡಲೂ ಒದಗುವಂತೆ ಒಣ ನೆಲ, ಎದುರುಬದುರು ಗಾಳಿಕಿಂಡಿ ಇರಲಿ.

ಇನ್ನು ಜನರ ಪಾಲು. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ವಾಸದ ಕೋಣೆಗಳಲ್ಲಿ ಒಂದಾದರೂ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ ಇರಬೇಕು, ಎರಡನೆಯದು 7.5 ಚದರ ಮೀಟರಿಗೆ ಕಡಿಮೆಯಿರಬಾರದು. ಅಡಿಗೆ ಮನೆ 5 ಚದರ ಮೀಟರ್. ಇವು ಕನಿಷ್ಠಗಳು, ಗುರಿಯಲ್ಲ. ಸೌದೆ ಒಲೆ, ಮುದ್ದೆಯ ದೊಡ್ಡ ಪಾತ್ರೆ, ಕೂಲಿಯವರ ಊಟ ಇರುವ ಅಡಿಗೆ ಮನೆಗೆ ಇದರ ಎರಡರಷ್ಟಾದರೂ ಕೊಡಿ. ಕೊಟ್ಟಿಗೆಯಲ್ಲಿ ಹಸುವಿಗೆ 3.5, ಎಮ್ಮೆಗೆ 4 ಚದರ ಮೀಟರ್ ಸೂರು ಬೇಕು. ಅದು ಮನೆಯಿಂದ ಪ್ರತ್ಯೇಕವಾಗಿರಲಿ.

ಇದಕ್ಕೆಲ್ಲ ಜಾಗವೆಲ್ಲಿ ಎನ್ನುತ್ತೀರಾ? ಆ ಹಾಲಿನಲ್ಲೇ ಇದೆ. ಹದಿನೆಂಟರ ಹಾಲು 324 ಚದರ ಅಡಿ, ಮೂರು ಚದರಕ್ಕೂ ಮಿಗಿಲು. ಅದನ್ನು 12ಕ್ಕೆ 14 ಮಾಡಿದರೆ 156 ಚದರ ಅಡಿ ಉಳಿಯುತ್ತದೆ. ಅದರಲ್ಲಿ 8ಕ್ಕೆ 12ರ ಉಗ್ರಾಣ ಮಾಡಿ, ಉಳಿದ 60 ಅಡಿಯನ್ನು ಅಡಿಗೆ ಮನೆಗೆ ಸೇರಿಸಬಹುದು. ಹೆಚ್ಚುವ ಖರ್ಚು ಒಳಗೋಡೆ, ಬಾಗಿಲಿನದಷ್ಟೆ. ಮದುವೆ, ನಾಮಕರಣಕ್ಕೆ ದೊಡ್ಡ ಹಾಲು ಬೇಕಲ್ಲ ಎನ್ನುವವರುಂಟು. ಮದುವೆ ಈಗ ಛತ್ರದಲ್ಲಿ, ನಾಮಕರಣ ಶಾಮಿಯಾನದಡಿ. ವರ್ಷಕ್ಕೆರಡು ದಿನದ ನೆಂಟರಿಗಾಗಿ ಮುನ್ನೂರರವತ್ತು ದಿನ ಮಕ್ಕಳನ್ನು ಹೊಗೆಸೊಪ್ಪಿನ ಪಕ್ಕ ಮಲಗಿಸುವುದು ಯಾವ ಲೆಕ್ಕ?

ಕೊನೆಯದಾಗಿ, ಖರ್ಚಿಲ್ಲದ ಒಂದು ಕೆಲಸ. ಪಾಯ ತೆಗೆಯುವ ಮೊದಲು ನಿವೇಶನದಲ್ಲಿ ಹಗ್ಗ ಹಿಡಿದು, ಸುಣ್ಣದಿಂದ ಕೋಣೆಗಳನ್ನು ಗುರುತಿಸಿ. ಮಂಚ ತಂದು ಹಾಕಿ, ನಾಲ್ಕು ಮೂಟೆ ಜೋಡಿಸಿ, ಒಲೆಯ ಜಾಗದಲ್ಲಿ ಮನೆಯಾಕೆಯನ್ನು ನಿಲ್ಲಿಸಿ ಕೇಳಿ. ಸೊಪ್ಪು ವಿಂಗಡಿಸುವವರು, ರಾಗಿ ಹಸನು ಮಾಡುವವರು, ಅಡಿಗೆ ಮಾಡುವವರು ಅವರೇ. ಅವರು "ಸಾಲದು" ಎಂದರೆ ಸುಣ್ಣದ ಗೆರೆ ಅಳಿಸುವುದು ಸುಲಭ. ಇಟ್ಟಿಗೆ ಗೋಡೆ ಎದ್ದ ಮೇಲೆ ಅಲ್ಲ.